ಒಂದೇ ಸದ್ದು

ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟಿದ್ದೇವೆ, ಗಾಳಿಗೆ ಬಾಗಿಲು ಬಡಿದುಕೊಳ್ಳಬಾರದೆಂದು. ಕರಿ ಕಲ್ಲು, ದೊಡ್ಡ ತೆಂಗಿನಕಾಯಿಯಷ್ಟು ಗಾತ್ರ, ನಡುವೆ ಹಗ್ಗ ಕೂತು ಕೂತು ಸವೆದ ಗೆರೆ. ಈ ಮನೆಗೆ ಬಂದುಹೋದವರಲ್ಲಿ ಅದನ್ನು ಎಡವದವರು ಕಡಿಮೆ. ನನ್ನ ಹೆಂಡತಿ ಎಷ್ಟೋ ಸಲ ಎಡವಿದ್ದಾಳೆ, ಪ್ರತಿ ಸಲವೂ ಕಲ್ಲನ್ನು ಬಿಟ್ಟು ನನ್ನನ್ನು ಬೈದಿದ್ದಾಳೆ. "ಇದನ್ನ ಒಗದ ಬರ್ರಿ, ಇಲ್ಲಾಂದ್ರ ನಾನ ಒಗೀತೇನಿ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಕಲ್ಲು ಅಲ್ಲೇ ಇರುತ್ತದೆ. ಬೈಗುಳಕ್ಕೆ ಅದೂ ಒಗ್ಗಿದೆ, ನಾನೂ ಒಗ್ಗಿದ್ದೇನೆ.

ನನಗೆ ಇನ್ನೊಂದು ಚಟವೂ ಇದೆ. ಅಡುಗೆಮನೆಯಲ್ಲಿ ಏನಾದರೂ ಕೈಜಾರಿ ಬಿದ್ದರೆ ಉಳಿದವರು "ಏನು ಒಡೀತು?" ಎಂದು ಓಡುತ್ತಾರೆ. ನಾನು ಕೂತಲ್ಲೇ ಕೂತು ಎಷ್ಟು ಸದ್ದಾಯಿತೆಂದು ಎಣಿಸುತ್ತೇನೆ. ಒಂದೋ, ಎರಡೋ? ಲೋಟ ಮತ್ತು ಮುಚ್ಚಳ ಕೂಡಿಯೇ ಬಿದ್ದವೋ, ಹಿಂದುಮುಂದಾಗಿ ಬಿದ್ದವೋ? ಆಯುಷ್ಯವೆಲ್ಲ ವಿಜ್ಞಾನದ ಮಾಸ್ತರಿಕೆ ಮಾಡಿದ ಮನುಷ್ಯ, ಹೀಗೇ ಇರುತ್ತಾನೆ ಎಂದು ಜನ ನಗುತ್ತಾರೆ. ನಗಲಿ. ಮಾಸ್ತರನಾಗುವುದಕ್ಕೆ ಎಷ್ಟೋ ಮೊದಲೇ ಈ ಚಟ ಹತ್ತಿತ್ತು ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ ಇದ್ದಳು, ನನ್ನ ಅಕ್ಕ ನೀಲವ್ವ.

ನಾವು ಬೆಟಗೇರಿಯ ನೇಕಾರರು. ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗ. ಅಪ್ಪ ಆ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟದ ಹೊತ್ತಿಗೆ ಮಾತ್ರ ಮೇಲೇಳುತ್ತಿದ್ದ. ನಾನು ಚಿಕ್ಕವನಿದ್ದಾಗ ಅಪ್ಪನಿಗೆ ಕಾಲುಗಳೇ ಇಲ್ಲವೆಂದು ತಿಳಿದಿದ್ದೆನಂತೆ. ಮಗ್ಗದ ಹಿಂಬದಿಯ ದಿಂಡಿಗೆ ಹಗ್ಗ ಸುತ್ತಿ ಅದಕ್ಕೆ ಕಲ್ಲು ತೂಗುಬಿಡುವುದು ನಮ್ಮ ಮನೆಯ ಪದ್ಧತಿ. ಕಲ್ಲಿನ ಭಾರಕ್ಕೆ ಹಾಸಿನ ನೂಲು ಸದಾ ಬಿಗಿಯಾಗಿರುತ್ತಿತ್ತು. ದಪ್ಪ ನೂಲಿಗೆ ದೊಡ್ಡ ಕಲ್ಲು, ಸಣ್ಣ ನೂಲಿಗೆ ಸಣ್ಣ ಕಲ್ಲು. ಅವನ್ನು ಅಪ್ಪ ದೇವರ ಹಾಗೆ ನೋಡಿಕೊಳ್ಳುತ್ತಿದ್ದ. ಅಮಾವಾಸ್ಯೆಗೆ ಮಗ್ಗ ನಿಂತಾಗ ಎರಡು ಕಲ್ಲನ್ನೂ ತೆಗೆದು, ತೊಳೆದು, ವಿಭೂತಿ ಹಚ್ಚಿ ಮಣೆಯ ಮೇಲೆ ಇಡುತ್ತಿದ್ದ. ಮಗ್ಗದ ಕಲ್ಲು ಕೈತಪ್ಪಿ ನೆಲಕ್ಕೆ ಬಿದ್ದರೆ ಮನೆಯ ಅನ್ನಕ್ಕೆ ಸಂಚಕಾರ ಎಂಬುದು ಅವನ ನಂಬಿಕೆಯಾಗಿತ್ತು.

ನೀಲಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ನಾಲ್ಕು ವರ್ಷಕ್ಕೆ ಮಕ್ಕಳಾಗಲಿಲ್ಲವೆಂದು ಗಂಡ ಸೋಡಚೀಟಿ ಬರೆದುಕೊಟ್ಟು ಕಳಿಸಿದ. ಸಂಬಂಧ ಕಡಿಯಲು ಆಗೆಲ್ಲ ಅಷ್ಟೇ ಸಾಕಿತ್ತು, ಒಂದು ಚೀಟಿ. ಟ್ರಂಕು ಹೊತ್ತುಕೊಂಡು ಬಂದವಳು ಮರುದಿನವೇ ರಾಟೆಯ ಮುಂದೆ ಕೂತು ಅಪ್ಪನ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತತೊಡಗಿದಳು. ಅತ್ತದ್ದನ್ನು ನಾನು ನೋಡಲಿಲ್ಲ. ಬಹುಶಃ ನೋಡುವ ಪುರುಸೊತ್ತು ನನಗಿರಲಿಲ್ಲ. ನಾನಾಗ ಗದಗಿನ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆ, ಓಣಿಗೆಲ್ಲ ನಾನೊಬ್ಬನೇ. ತಲೆಗೆ ಎಣ್ಣೆ ಹಚ್ಚಿ, ಓರೆ ಬೈತಲೆ ತೆಗೆದು, ಇಂಗ್ಲಿಷ್ ಪುಸ್ತಕದ ಹೆಸರು ಹೊರಗೆ ಕಾಣುವ ಹಾಗೆ ಕಂಕುಳಲ್ಲಿ ಹಿಡಿದು ಓಡಾಡುತ್ತಿದ್ದೆ.

ಸ್ವಾತಂತ್ರ್ಯ ಬಂದ ಮರುವರ್ಷ ಹಳ್ಳಿಹಳ್ಳಿಗೆ ಹೆಣ್ಣುಮಕ್ಕಳ ಶಾಲೆ ತೆಗೆಯುತ್ತಾರೆ, ಮುಲ್ಕಿ ಪರೀಕ್ಷೆ ಪಾಸಾದ ಹೆಂಗಸರಿದ್ದರೆ ಕರೆದು ನೌಕರಿ ಕೊಡುತ್ತಾರೆ ಎಂಬ ಸುದ್ದಿ ಹಬ್ಬಿತು. ಮುಲ್ಕಿ ಎಂದರೆ ಏಳನೆಯ ಇಯತ್ತೆಯ ಪರೀಕ್ಷೆ. ಅಕ್ಕ ಐದರವರೆಗೆ ಓದಿದ್ದಳು. ಮನೆಯಲ್ಲೇ ಓದಿ ಕೂರುತ್ತೇನೆಂದಳು. ಅದೇ ಹೊತ್ತಿಗೆ ಹೊಂಬಳದಿಂದ ಒಂದು ಉಡಿಕೆಯ ಮಾತು ಬಂದಿತ್ತು. ಗಂಡು ಮೂರು ಮಕ್ಕಳ ತಂದೆ, ಹೆಂಡತಿ ಸತ್ತಿದ್ದಳು, ಅಪ್ಪನಿಗಿಂತ ಆರೇಳು ವರ್ಷಕ್ಕೆ ಚಿಕ್ಕವನು. ಒಮ್ಮೆ ಸಂಸಾರ ಮುರಿದ ಹೆಣ್ಣಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಆ ಮದುವೆಗೆ ವಾಲಗವೂ ಇಲ್ಲ, ಅಕ್ಕಿಕಾಳೂ ಇಲ್ಲ.

ಅಪ್ಪ ಮಗ್ಗದ ಕುಣಿಯಲ್ಲೇ ಕೂತು ತೀರ್ಪು ಕೊಟ್ಟ. "ಒಂದ ಸರ್ತಿ ಕುಂಡ್ರು. ಪಾಸಾದಿ, ಮಾಸ್ತರಿಕಿ ಮಾಡು, ನಾ ಅಡ್ಡ ಬರೂದಿಲ್ಲ. ನಪಾಸಾದಿ, ಹೊಂಬಳದವರಿಗೆ ಹೂಂ ಅಂತೇನಿ. ಎರಡನೇ ಸರ್ತಿ ಮಾತ ಬ್ಯಾಡ."

"ಆತು" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಗಣಿತ ನಾ ನೋಡಕೋತೇನಿ. ವಿಜ್ಞಾನದ ಪುಸ್ತಕ ಸಿಕ್ಕಿಲ್ಲ, ಅದೊಂದು ನೀ ಹೇಳಿಕೊಡು" ಎಂದಳು.

ಹೀಗೆ ನಾನು ಗುರುವಾದೆ. ನನ್ನ ಮೊದಲ ಶಿಷ್ಯೆಗೆ ನನಗಿಂತ ಏಳು ವರ್ಷ ಹೆಚ್ಚು ವಯಸ್ಸು, ಅದಕ್ಕಿಂತ ಎಷ್ಟೋ ಹೆಚ್ಚು ಬುದ್ಧಿ. ಅದು ನನಗೆ ಆಗಲೇ ಗೊತ್ತಾಗಿತ್ತು ಎಂಬುದೇ ಈ ಕಥೆಯ ಹೊಲಸು.

ಯಾಕೆಂದರೆ ಅವಳು ಪ್ರಶ್ನೆ ಕೇಳುತ್ತಿದ್ದಳು. ರಾಟೆ ತಿರುಗಿಸುತ್ತಲೇ ಕೇಳುತ್ತಿದ್ದಳು. "ಕೈ ಬಿಟ್ಟ ಮ್ಯಾಲೂ ರಾಟಿ ನಾಕ ಸುತ್ತು ತಿರಗತೈತಿ, ಆಮ್ಯಾಲ ನಿಲ್ಲತೈತಿ. ಆ ತಿರಗೂದು ಎಲ್ಲಿಗೆ ಹೋತೋ?" ನಾನು ಪುಸ್ತಕದ ಸಾಲು ಒಪ್ಪಿಸುತ್ತಿದ್ದೆ: ಶಕ್ತಿಗೆ ನಾಶವಿಲ್ಲ, ರೂಪ ಬದಲಾಗುತ್ತದೆ. "ಅದ ನಾ ಕೇಳೂದು, ಎಂಥಾ ರೂಪಾ?" ನನಗೆ ಗೊತ್ತಿರಲಿಲ್ಲ. ಅವಳು ರಾಟೆಯನ್ನು ಜೋರಾಗಿ ತಿರುಗಿಸಿ ನಿಲ್ಲಿಸಿ, ಅಚ್ಚು ತೂತಿನಲ್ಲಿ ಕೂತಲ್ಲಿ ಬೆರಳಿಟ್ಟು ನೋಡಿ, "ಬೆಚ್ಚಗೈತಿ ನೋಡು. ಇಲ್ಲಿ ಬಂದು ಕುಂತೇತಿ" ಎಂದಳು. ನಾನು ಬೆರಳಿಟ್ಟು ನೋಡಲಿಲ್ಲ. "ಅದು ಪರೀಕ್ಷಾಕ್ಕ ಇಲ್ಲ" ಎಂದೆ.

ಪರೀಕ್ಷೆಗಿಲ್ಲ ಎಂಬುದು ಎಂಥ ಅನುಕೂಲದ ಮಾತೆಂದು ಆಗಲೇ ಕಲಿತೆ. ಮುಂದೆ ನೌಕರಿಯುದ್ದಕ್ಕೂ ಅದನ್ನು ಬಳಸಿ ಎಷ್ಟೋ ಮಕ್ಕಳ ಬಾಯಿ ಮುಚ್ಚಿಸಿದ್ದೇನೆ.

ಅಣುವಿನ ಪಾಠ ಬಂದಾಗ ನೂಲಿನ ತುದಿ ಹಿಡಿದು ಕೂತಳು. "ದಾರ ಬಿಚ್ಚಿದ್ರ ಎಳಿ. ಎಳಿ ಬಿಚ್ಚಿದ್ರ ಹತ್ತಿ. ಹತ್ತಿ ಬಿಚ್ಚಿಕೋತ ಹೋದ್ರ ಕಡೀಕ ಅಣು ಅಂತೀ. ಆ ಕಡೀದು ಇನ್ನೂ ಹತ್ತೀನ ಏನು? ಇಲ್ಲಾ ಬ್ಯಾರೆ ಏನರೆ ಆಗಿರತೈತೋ?" ಜಪಾನಿನಲ್ಲಿ ಬಾಂಬು ಬಿದ್ದ ಸುದ್ದಿಯನ್ನು ಯಾರೋ ಪತ್ರಿಕೆಯಲ್ಲಿ ಓದಿ ಹೇಳಿದ್ದು ಅವಳ ತಲೆಯಲ್ಲಿ ಉಳಿದಿತ್ತು. "ಕಣ್ಣಿಗೆ ಕಾಣದಷ್ಟು ಸಣ್ಣದರಾಗ ಊರ ಸುಡೂ ಬೆಂಕಿ ಹೆಂಗ ಹಿಡಿಸ್ತು? ಯಾರು ತುಂಬಿದ್ರು?" ಪರೀಕ್ಷೆಗಿಲ್ಲ ಎಂದೆ. ಇನ್ನೊಮ್ಮೆ, "ಲಕ್ಷ್ಮೇಶ್ವರದಾಗ ಮನ್ನಿಮೊನ್ನಿತನಾ ಸಂಸ್ಥಾನದವರ ಕಾಯದೆ ಇತ್ತು, ಇಲ್ಲಿ ಇಂಗ್ರೇಜರದು. ಕಲ್ಲು ಬೀಳೂ ಕಾಯದೆ ಮಾತ್ರ ಎರಡೂ ಕಡೆ ಒಂದ ಇತ್ತಲ್ಲ? ಅದನ್ನ ಯಾವ ಸರಕಾರ ಮಾಡೇತಿ?" ಎಂದು ಕೇಳಿ ತಾನೇ ನಕ್ಕಳು. ಸೋಡಚೀಟಿ ತಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ನಗಲಿಲ್ಲ. ಪ್ರಶ್ನೆ ಕೇಳುವವರ ಮುಂದೆ ಗುರು ನಗಬಾರದು, ಸದರ ಕೊಟ್ಟಂತಾಗುತ್ತದೆ ಎಂದುಕೊಂಡಿದ್ದೆ.

ಪರೀಕ್ಷೆಗೆ ಒಂದು ತಿಂಗಳಿತ್ತು. ಒಂದು ದಿನ ಅಪ್ಪನ ಗೆಳೆಯರಾದ ನಾಲ್ಕೈದು ನೇಕಾರರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಅಪ್ಪ ನನ್ನನ್ನು ತೋರಿಸಬೇಕೆಂದು, "ಏನರೆ ಹೇಳಲೇ, ಕೇಳೋಣು" ಎಂದ. ನಾನು ಎದೆ ಉಬ್ಬಿಸಿ ಗುರುತ್ವಾಕರ್ಷಣೆಯ ಮೇಲೆ ಭಾಷಣ ಮಾಡಿದೆ. ಭೂಮಿ ಎಲ್ಲವನ್ನೂ ಎಳೆಯುತ್ತದೆ, ಭಾರವಾದದ್ದನ್ನು ಹೆಚ್ಚು ಎಳೆಯುತ್ತದೆ. ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅವರೆಲ್ಲ ತಲೆದೂಗಿದರು ನೋಡಿ, ಆ ತಲೆದೂಗಾಟಕ್ಕೆ ಇನ್ನೊಂದು ಸಾಲು ಸೇರಿಸಿದೆ. "ಅದಕ್ಕ ದೊಡ್ಡ ಕಲ್ಲು ಜಲ್ದಿ ಬೀಳತೈತಿ, ಸಣ್ಣದು ಹಿಂದಿಂದ ಬೀಳತೈತಿ. ಇದನ್ನ ದೊಡ್ಡ ದೊಡ್ಡ ಶಾಸ್ತ್ರಜ್ಞರು ಕಂಡುಹಿಡದಾರ." ಯಾವ ಪುಸ್ತಕದಲ್ಲೂ ನಾನದನ್ನು ಓದಿರಲಿಲ್ಲ. ನಮ್ಮ ವಿಜ್ಞಾನದ ಪುಸ್ತಕದ ಆ ಭಾಗಕ್ಕೆ ನಾನಿನ್ನೂ ಬಂದೇ ಇರಲಿಲ್ಲ.

"ಶಾಣ್ಯಾ ಅದಾನ ನಿನ್ನ ಮಗ" ಎಂದ ಒಬ್ಬ. ಅಪ್ಪನ ಮುಖ ಅರಳಿತು.

ರಾಟೆಯ ಸದ್ದು ನಿಂತಿತು. ಅಕ್ಕ ಮೂಲೆಯಿಂದ ಮೆಲ್ಲಗೆ, "ದೊಡ್ಡದನ್ನ ಹೆಚ್ಚು ಎಳೀತೈತಿ ಖರೆ. ಆದ್ರ ದೊಡ್ಡದು ಕದಲಾಕೂ ಹೆಚ್ಚು ಎಳಿಬೇಕಲ್ಲೋ ತಮ್ಮಾ? ತುಂಬಿದ ಬಂಡಿಗೆ ಎರಡ ಎತ್ತು, ಸಣ್ಣ ಗಾಡಿಗೆ ಒಂದ ಎತ್ತು. ಎರಡೂ ಕೂಡೇ ಊರು ಮುಟ್ಟತಾವಲ್ಲ?" ಎಂದಳು.

ಎರಡು ವರ್ಷದ ಮೇಲೆ ಧಾರವಾಡದ ಕಾಲೇಜಿನಲ್ಲಿ ಒಬ್ಬ ಪ್ರೊಫೆಸರರು ಇದೇ ಮಾತನ್ನು ಹಲಗೆಯ ತುಂಬ ಬರೆದು, ಕೊನೆಗೆ ಕೈಯ ಸೀಮೆಸುಣ್ಣದ ಧೂಳು ಝಾಡಿಸಿ ನಮ್ಮನ್ನು ನೋಡಿ ಹೆಮ್ಮೆಯಿಂದ ನಕ್ಕರು. ನಾನು ಬರೆದುಕೊಳ್ಳದೆ ವಹಿ ಮುಚ್ಚಿದೆ. ಆದರೆ ಅದು ಎರಡು ವರ್ಷದ ಮೇಲಿನ ಮಾತು. ಆ ದಿನ ನೇಕಾರರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು "ಎತ್ತು ಬಂಡಿ ಬ್ಯಾರೆ, ಶಾಸ್ತ್ರ ಬ್ಯಾರೆ. ನೀ ಬಾಯಿಪಾಠ ಮಾಡು" ಎಂದೆ. ಎಲ್ಲರೂ ನಕ್ಕರು. ಅಕ್ಕ ತಲೆ ತಗ್ಗಿಸಿದಳು.

ಮರುದಿನ ಅಮಾವಾಸ್ಯೆ. ಅಪ್ಪ ಕಲ್ಲುಗಳನ್ನು ತೊಳೆದು ಮಣೆಯ ಮೇಲಿಟ್ಟು ಗುಡಿಗೆ ಹೋಗಿದ್ದ. ಅವ್ವ ಅವನ ಜೊತೆಗಿದ್ದಳು. ನಾನು ಅಂಗಳದ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಮೇಲಿನಿಂದ ಅಕ್ಕನ ದನಿ ಕೇಳಿತು. "ತಮ್ಮಾ, ಈ ಕಡೆ ನೋಡು."

ಮಾಳಿಗೆಯ ಅಂಚಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ದೊಡ್ಡ ಕಲ್ಲು, ಇನ್ನೊಂದರಲ್ಲಿ ಸಣ್ಣದು. ದೊಡ್ಡದನ್ನು ಚಾಚಿ ಹಿಡಿದ ಕೈ ಭಾರಕ್ಕೆ ಕೆಳಗೆ ಜಗ್ಗುತ್ತಿತ್ತು. ಮಗ್ಗದ ಕಲ್ಲನ್ನು ಬೀಳಿಸಲು ಅಪ್ಪನ ಮಗಳು ಎಷ್ಟು ಧೈರ್ಯ ತಂದುಕೊಂಡಿರಬೇಕೆಂದು ಈಗ ತಿಳಿಯುತ್ತದೆ. "ಕೂಡೇ ಬಿಡತೇನಿ. ನೀ ಕೆಳಗ ಅದೀ, ನಿನಗ ಪಕ್ಕಾ ಕೇಳತೈತಿ. ಎಷ್ಟು ಸದ್ದಾತು ಹೇಳು."

ಬಿಟ್ಟಳು.

ಧಪ್ ಎಂದಿತು. ಒಂದೇ ಸದ್ದು. ಎರಡು ಕಲ್ಲು ಅಂಗಳದ ಮಣ್ಣಿನಲ್ಲಿ ಅಕ್ಕಪಕ್ಕ ಕೂತಿದ್ದವು. ನನ್ನ ಕಾಲಿನಿಂದ ಎರಡು ಮಾರು ದೂರ.

"ಎಷ್ಟಾತೋ?"

ನಾನು ತಲೆ ಎತ್ತಿ ನೋಡಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಹಿಂದಿನ ದಿನದ ನಗು, ಅಪ್ಪನ ಅರಳಿದ ಮುಖ, ಶಾಣ್ಯಾ ಅದಾನ ಎಂದ ಮಾತು ಎಲ್ಲ ಕಣ್ಣ ಮುಂದೆ ಬಂದವು.

"ಎರಡು" ಎಂದೆ. "ದೊಡ್ಡದು ಮೊದಲು ಬಿತ್ತು."

"ಖರೇನ?"

"ಖರೇನ."

"ತಡಿ, ಇನ್ನೊಮ್ಮೆ ಬಿಟ್ಟ ನೋಡತೇನಿ" ಎಂದು ಇಳಿದು ಬಂದಳು. ನಾನು "ಅಪ್ಪ ಬರೂ ಹೊತ್ತಾತು, ನೋಡಿದ್ರ ನಿನ್ನ ಪರೀಕ್ಷಾನ ಬಂದ್ ಮಾಡ್ತಾನ" ಎಂದು ಕಲ್ಲುಗಳನ್ನು ಎತ್ತಿ, ಮಣ್ಣು ಒರೆಸಿ, ಮಣೆಯ ಮೇಲಿಟ್ಟೆ. ವಿಭೂತಿ ಅಳಿಸಿತ್ತು, ಅದನ್ನೂ ಬಳಿದೆ. ಅಷ್ಟು ಚುರುಕಾಗಿ ಮನೆಗೆಲಸವನ್ನು ನಾನು ಎಂದೂ ಮಾಡಿದವನಲ್ಲ.

ಪರೀಕ್ಷೆಯ ದಿನ ಸಂಜೆ ಅವಳನ್ನು ಗದಗಿನಿಂದ ಕರೆತರಲು ಹೋದೆ. ದಾರಿಯಲ್ಲಿ ಅವಳ ಮುಖ ಹಬ್ಬದಂತಿತ್ತು. "ಐದ ಮಾರ್ಕಿಂದು ಅದ ಬಂದಿತ್ತೋ ತಮ್ಮಾ. ಒಂದ ಸೇರಿನ ಕಲ್ಲು, ಐದ ಸೇರಿನ ಕಲ್ಲು, ಎತ್ತರದಿಂದ ಕೂಡೇ ಬಿಟ್ರ ಯಾವುದು ಮೊದಲ ಬೀಳತೈತಿ, ಕಾರಣ ಕೊಡ್ರಿ ಅಂತ. ನಾ ಮೊದಲ ಎರಡೂ ಕೂಡೇ ಬೀಳತಾವ ಅಂತ ಬರದು, ಎತ್ತು ಬಂಡಿ ಕಾರಣಾನೂ ಬರದಿದ್ದೆ. ಆಮ್ಯಾಲ ನಿನ್ನ ಮಾತು ನೆನಪಾತು. ಎಲ್ಲಾ ಹೊಡದು ಹಾಕಿ ನೀ ಹೇಳಿದ್ದ ಬರದ ಬಂದೆ."

ನಾನು ಪುಸ್ತಕ ನೋಡಿರಲಿಲ್ಲವೇ? ನೋಡಿದ್ದೆ. ಅಮಾವಾಸ್ಯೆಯ ಮರುದಿನವೇ ಶಾಲೆಯಲ್ಲಿ ಹಾಳೆ ತಿರುವಿ ನೋಡಿದ್ದೆ. ಎರಡೂ ಕೂಡಿಯೇ ಬೀಳುತ್ತವೆ ಎಂದು ಅಲ್ಲಿತ್ತು, ಕಾರಣ ತಿಳಿಯದಿದ್ದರೂ ಸಾಲು ತಿಳಿಯುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಮನೆಗೆ ಹೋಗಿ ಹೇಳಬೇಕೆಂದುಕೊಂಡೆ. ದಿನಾ ಅಂದುಕೊಂಡೆ. ಒಂದು ತಿಂಗಳು ಅಂದುಕೊಂಡೆ. ಅಂಥ ಪ್ರಶ್ನೆ ಎಲ್ಲಿ ಕೇಳುತ್ತಾರೆ, ಅದು ಪರೀಕ್ಷೆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಫಲಿತಾಂಶ ಬಂತು. ಗಣಿತದಲ್ಲಿ ಒಳ್ಳೆಯ ಅಂಕ, ಕನ್ನಡದಲ್ಲಿ ಒಳ್ಳೆಯ ಅಂಕ. ವಿಜ್ಞಾನದಲ್ಲಿ ಪಾಸಾಗಲು ನಾಲ್ಕು ಅಂಕ ಕಡಿಮೆ.

ಅಪ್ಪ ಕೆಟ್ಟವನಲ್ಲ, ಕೊಟ್ಟ ಮಾತಿಗೆ ನಡೆಯುವವನು. ಕೆಲವರಿಗೆ ಅದೇ ಕೇಡು. ಅಷ್ಟರಲ್ಲಿ ಅವನ ಕಣ್ಣು ಮಂಜಾಗಿ ಮಗ್ಗ ನಿಂತಿತ್ತು, ಕಂಡಿಕೆ ಸುತ್ತುವವರೂ ಬೇಕಾಗಿರಲಿಲ್ಲ. ಹೊಂಬಳದವರು ಒಂದು ಸೀರೆ ತಂದು ಉಡಿಸಿ ಕರೆದುಕೊಂಡು ಹೋದರು. ತವರಿನಿಂದ ಏನು ಬೇಕೆಂದು ಅವ್ವ ಕೇಳಿದಾಗ ಅಕ್ಕ ಮಗ್ಗದ ಎರಡು ಕಲ್ಲು ಕೇಳಿದಳಂತೆ. ಅಪ್ಪನ ನೆನಪಿಗೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಆ ಹೊತ್ತಿಗೆ ಬಾವಿಯ ಕಡೆ ಹೋಗಿದ್ದೆ, ಏನೋ ಕೆಲಸವಿದ್ದವನ ಹಾಗೆ.

ಆಮೇಲೆ ನಾನು ಕಾಲೇಜು ಮುಗಿಸಿ ಮುಂಡರಗಿಯಲ್ಲಿ ವಿಜ್ಞಾನದ ಮಾಸ್ತರನಾದೆ. ಹೊಂಬಳಕ್ಕೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ, ಉಂಡು ಬರುತ್ತಿದ್ದೆ. ಅಕ್ಕ ಹೊಲದ ಕೆಲಸ, ಎಮ್ಮೆಯ ಕೆಲಸ, ಮೂರು ಮಕ್ಕಳ ಕೆಲಸದಲ್ಲಿ ಕಪ್ಪಾಗಿದ್ದಳು. ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ಕೇಳಿದರೂ ಊಟ ಆತೇನು, ಪಗಾರ ಬಂತೇನು, ಇಷ್ಟೇ. ಅವು ಅಂಥ ಪ್ರಶ್ನೆಗಳು, ಉತ್ತರ ತಪ್ಪಿದರೂ ಯಾರೂ ನಪಾಸಾಗುವುದಿಲ್ಲ.

ಕರ್ನಾಟಕ ಒಂದಾದ ದಿನ ಶಾಲೆಯಲ್ಲಿ ಸಭೆ ಇತ್ತು. ಭಾಷಣ ನನ್ನದೇ. ಮುಂಬಯಿಯವರು, ಸಂಸ್ಥಾನದವರು, ನಿಜಾಮನ ಕಡೆಯವರು, ಮೈಸೂರಿನವರು, ಎಲ್ಲರೂ ಇಂದು ಒಂದಾದೆವು ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮುಖ್ಯ ಗುರುಗಳು ನನ್ನ ಕೊರಳಿಗೆ ಹೂವಿನ ಮಾಲೆ ಹಾಕಿ, "ನಿಮ್ಮಂಥ ಖರೆ ಮಾತಾಡೋ ಮಾಸ್ತರರು ಬೇಕರಿ ಈ ನಾಡಿಗೆ" ಎಂದರು. ಆ ಮಾಲೆಯಲ್ಲಿ ಯಾವುದೋ ಹುಳವಿತ್ತೋ, ನನ್ನ ಮೈಯೇ ತುರಿಸಿತೋ, ಮರುದಿನ ಮೊದಲ ಬಸ್ಸಿಗೆ ಹೊಂಬಳಕ್ಕೆ ಹೊರಟೆ.

ಅಕ್ಕ ಮಾಳಿಗೆಯ ಮೇಲೆ ಶೇಂಗಾ ಹರವುತ್ತಿದ್ದಳು. ಕೆಳಗೆ ಅವಳ ಮಲಮಗಳು ಗಂಗವ್ವ, ಹತ್ತು ವರ್ಷದ ಹುಡುಗಿ, ಕಸ ಗುಡಿಸುತ್ತಿದ್ದಳು. ನಾನು ಅಂಗಳದಲ್ಲಿ ನಿಂತೇ, "ಅಕ್ಕಾ, ಒಂದು ಮಾತು ಹೇಳೂದೈತಿ. ಅವತ್ತ ಅಮಾಸಿ ದಿನ..." ಎಂದೆ. ಅಷ್ಟು ಸಾಕಾಯಿತು. ಅವಳು ಕೈಯಲ್ಲಿನ ಶೇಂಗಾ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಗಂಗೀ, ಉಪ್ಪಿನಕಾಯಿ ಗಡಗಿ ಮ್ಯಾಲಿನ ಕಲ್ಲು ತಾ. ಹಾಲಿನ ಮ್ಯಾಲಿಂದೂ ತಾ."

ಹುಡುಗಿ ಒಂದೊಂದಾಗಿ ಮಗ್ಗದ ಆ ಎರಡು ಕಲ್ಲನ್ನೂ ಮೇಲೆ ಹೊತ್ತು ಕೊಟ್ಟಳು. ಅಕ್ಕ ಅಂಚಿಗೆ ಬಂದಳು. ಈ ಸಲ ಕೈ ಜಗ್ಗಲಿಲ್ಲ. ಎಮ್ಮೆ ಹಿಂಡಿದ, ಬಾವಿ ಸೇದಿದ ಕೈ. ಬಿಟ್ಟಳು.

ಧಪ್.

"ಎಷ್ಟಾತೋ?"

"ಒಂದ, ಅಕ್ಕಾ."

"ಅವತ್ತು?"

"ಅವತ್ತೂ ಒಂದ."

ಅವಳು ಮಾಳಿಗೆಯ ಅಂಚಿನಲ್ಲೇ ಕೂತಳು. ಆಮೇಲೆ, "ನನಗೂ ಒಂದ ಕೇಳಿತ್ತು" ಎಂದಳು. "ನೀ ಎರಡು ಅಂದಿ. ಕಲ್ತಾಂವ ಅನ್ನಾಕತ್ತಾನ, ನನ್ನ ಕಿವೀನ ಸುಳ್ಳ ಹೇಳಿರಬೇಕು ಅಂದಕೊಂಡೆ. ಯಾಕ ಹಂಗಂದಿ?"

"ಹಿಂದಿನ ದಿನ ಎಲ್ಲಾರ ಮುಂದ ಹೇಳಿಬಿಟ್ಟಿದ್ನಿ. ನಗತಾರ ಅಂತ..."

"ಅಷ್ಟಕ್ಕ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅದೊಂದೇ ಮಾತು ಅಂದು ಮತ್ತೆ ಶೇಂಗಾ ಹರವತೊಡಗಿದಳು. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ನಾನು ಉತ್ತರ ಹುಡುಕಿಲ್ಲವೆಂದಲ್ಲ. ಅಷ್ಟಕ್ಕೇ, ಬೇರೆ ಏನೂ ಇರಲಿಲ್ಲ.

ಊಟಕ್ಕೆ ಕೂತಾಗ ಗಂಗವ್ವ ಕುತೂಹಲ ತಡೆಯದೆ, "ಮಾಮಾ, ದೊಡ್ಡ ಕಲ್ಲು ಯಾಕ ಮೊದಲ ಬೀಳಲಿಲ್ಲರಿ?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನನ್ನ ತಾಟಿಗೆ ರೊಟ್ಟಿ ಹಾಕುತ್ತ, "ಯಾರನ್ನೂ ಕೇಳಬ್ಯಾಡವ್ವಾ. ನೀನ ಬಿಟ್ಟ ನೋಡು, ನಿನ್ನ ಕಿವೀಲೆ ಕೇಳು" ಎಂದಳು.

ಹೊರಡುವಾಗ ದೊಡ್ಡ ಕಲ್ಲನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟಳು. "ಶಾಲ್ಯಾಗ ಹುಡುಗರಿಗೆ ತೋರಸಾಕ ಬೇಕಾಕ್ಕತಿ, ತಗೊಂಡು ಹೋಗು." ಸಣ್ಣದು? "ಅದು ಇಲ್ಲಿರಲಿ, ಹಾಲಿಗೆ ಬೆಕ್ಕು ಬಾಯಿ ಹಾಕತೈತಿ." ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮುಂಡರಗಿ ಮುಟ್ಟುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು.

ಅಕ್ಕ ಹೋಗಿ ಈಗ ಎಷ್ಟೋ ವರ್ಷವಾಯಿತು. ಅವಳ ದಿನಕರ್ಮ ಮುಗಿದ ಮೇಲೆ ಅಡುಗೆಮನೆಯಲ್ಲಿ ಸಣ್ಣ ಕಲ್ಲನ್ನು ಹುಡುಕಿದೆ. ಅದು ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡದು ಇಲ್ಲಿ ಹಿತ್ತಿಲ ಬಾಗಿಲಲ್ಲಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೊಮ್ಮೆ ಅದನ್ನು ಎರಡು ಕೈಯಿಂದ ಎತ್ತಿ ಅಂಗಳದ ಮಣ್ಣಿಗೆ ಬಿಡುತ್ತೇನೆ. ಒಂದೇ ಸದ್ದಾಗುತ್ತದೆ. ಒಂದು ಕಲ್ಲು ಬಿದ್ದರೆ ಒಂದೇ ಸದ್ದಾಗಬೇಕು, ಅದರಿಂದ ಏನೂ ಸಾಬೀತಾಗುವುದಿಲ್ಲ.